ಪ್ರಬಂಧ ತಿದ್ದಿಸುವಾಗ ಸಾಲಿಗೊಂದೇ ವಾಕ್ಯ

ಹಾಸನ ಜಿಲ್ಲೆಯ ಕನ್ನಡ ಶಿಕ್ಷಕ ಮಿತ್ರರೇ, ಮಕ್ಕಳು ಕಂಪ್ಯೂಟರಿನಲ್ಲಿ ಬರೆದ ಪ್ರಬಂಧವನ್ನು ತಿದ್ದಿಸುವ ಮೊದಲು ಅದರ ಇನ್ನೊಂದು ಪ್ರತಿ ಮಾಡಿಸಿ, ಆ ಪ್ರತಿಯಲ್ಲಿ ಪ್ರತಿಯೊಂದು ಪೂರ್ಣವಿರಾಮದ ನಂತರವೂ ಎಂಟರ್ ಕೀಲಿಯನ್ನು ಒತ್ತಿಸಿರಿ. ಕನ್ನಡದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ ಬರುವುದರಿಂದ, ಹೀಗೆ ಸಾಲು ಬಿಡಿಸಿದೊಡನೆ ‘ಬೇಲೂರಿಗೆ ಹೋದೆವು’, ‘ಚೆನ್ನಕೇಶವ ದೇವಾಲಯವನ್ನು ನೋಡಿದೆವು’, ‘ಆಮೇಲೆ ಹಳೇಬೀಡಿಗೆ ಹೋದೆವು’ ಎಂಬಂತಹ ಸಾಲುಗಳು ಒಂದರ ಕೆಳಗೊಂದು ನಿಂತು, ಸಾಲಿನ ಆರಂಭದ ‘ಆಮೇಲೆ’ಯೂ ಅಂತ್ಯದ ‘ಹೋದೆವು’ ಕೂಡ ಎಷ್ಟು ಬಾರಿ ಮರುಕಳಿಸಿವೆ ಎಂಬುದು ಮಗುವಿನ ಕಣ್ಣಿಗೇ ಬೀಳುತ್ತದೆ. ಆಗ ‘ದೇವಾಲಯವನ್ನು ನೋಡಿಕೊಂಡು ಹಳೇಬೀಡಿಗೆ ಹೊರಟಾಗ’ ಎಂದು ವಾಕ್ಯಗಳನ್ನು ಬೆಸೆಯುವುದನ್ನು ಕಲಿಸುವುದು ಸುಲಭವಾಗುತ್ತದೆ. ಕೆಂಪು ಶಾಯಿಯ ಗುರುತಿಗಿಂತ ಮಗು ತಾನೇ ಕಂಡುಕೊಂಡ ತಪ್ಪು ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಇದೇ ಕೆಲಸವನ್ನು ಕಾಗದದ ಮೇಲೆ ಮಾಡಿಸಿದರೆ ಇಡೀ ಪ್ರಬಂಧವನ್ನು ಮತ್ತೆ ಬರೆಯಬೇಕಾಗುವುದರಿಂದ ಮಕ್ಕಳು ಬೇಸರಪಡುತ್ತಾರೆ. ಪೂರ್ಣವಿರಾಮವನ್ನೇ ಹಾಕದೆ ಒಂದೇ ಓಟದಲ್ಲಿ ಬರೆಯುವ ಮಕ್ಕಳಿಗೆ ಈ ಕ್ರಮ ಉಪಯೋಗಕ್ಕೆ ಬಾರದು. ಅವರಿಂದ ಮೊದಲು ಗಟ್ಟಿಯಾಗಿ ಓದಿಸಿ, ವಾಕ್ಯ ಮುಗಿಯುವ ಸ್ಥಳವನ್ನು ಗುರುತಿಸಬೇಕಾಗುತ್ತದೆ. ಪದ್ಯಕ್ಕೂ ಸಂಭಾಷಣೆಗೂ ಇದು ಹೊಂದುವುದಿಲ್ಲ. ‘ಡಾ.’, ‘ಕಿ.ಮೀ.’ ಮುಂತಾದ ಸಂಕ್ಷಿಪ್ತ ರೂಪಗಳಲ್ಲಿರುವ ಚುಕ್ಕಿಗಳ ಬಳಿ ಸಾಲು ಮುರಿಯಬಾರದೆಂದು ಮೊದಲೇ ತಿಳಿಸಿರಿ. ಶಾಲೆಯಲ್ಲಿ ಒಂದೇ ಕಂಪ್ಯೂಟರ್ ಇದ್ದರೆ, ಬರೆದವರ ಹೆಸರನ್ನು ತೆಗೆದ ಒಂದು ಪ್ರಬಂಧವನ್ನು ಪ್ರೊಜೆಕ್ಟರಿನಲ್ಲಿ ತೋರಿಸಿ, ಇಡೀ ತರಗತಿಯಿಂದಲೇ ತಿದ್ದಿಸಬಹುದು.