ಅಪ್ಪನ ಪ್ಲೇಟುಗಳನ್ನು ಮಳೆಗಾಲ ದಾಟಿಸುವುದು

ನಮ್ಮದು ಮಲೆನಾಡಿನ ಸಾಗರ ಪೇಟೆಯ ಹತ್ತಿರದ ಹಂಚಿನ ಮನೆ. ಅಪ್ಪ ಬಿಟ್ಟುಹೋದ ಗ್ರಾಮಫೋನ್ ಪ್ಲೇಟು, ಎಲ್‌ಪಿ (ಪ್ಲಾಸ್ಟಿಕ್ಕಿನ ದೊಡ್ಡ ಪ್ಲೇಟು), ಕ್ಯಾಸೆಟ್ ಎಲ್ಲ ಸೇರಿ ಸಾವಿರದಷ್ಟಿವೆ. ಅಟ್ಟಕ್ಕೆ ಮಾತ್ರ ಹಾಕಬೇಡಿ. ಬೇಸಿಗೆಯಲ್ಲಿ ಹಂಚಿನ ಕಾವಿಗೆ ಎಲ್‌ಪಿ ಸೊಟ್ಟಗಾಗುತ್ತದೆ. ಹೊರಗೋಡೆಗೆ ತಾಗದ ಕಪಾಟು ಬೇಕು, ನೆಲದಿಂದ ಒಂದು ಗೇಣು ಮೇಲೆ. ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. 100 ಎಲ್‌ಪಿ ಅಂದರೆ 20 ಕಿಲೋ ಮೀರುತ್ತದೆ, ಹಲಗೆ ಗಟ್ಟಿಯಿರಲಿ.

ಬೂಷ್ಟು ಬಂದ ಕ್ಯಾಸೆಟ್ಟನ್ನು ಹಾಗೇ ಹಾಕಿ ನೋಡಬೇಡಿ, ಪ್ಲೇಯರಿನ ಹೆಡ್ಡಿಗೆ ಅಂಟಿ ಉಳಿದವಕ್ಕೂ ಹಬ್ಬುತ್ತದೆ. 78 ಆರ್‌ಪಿಎಂ ಪ್ಲೇಟು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ಪ್ಲೇಟು, ಅರಗಿನದು. ಸ್ಪಿರಿಟ್ ಹಾಕಿ ಒರೆಸಿದರೆ ಕರಗುತ್ತದೆ. ನಾನು ಹಾಗೇ ಒಂದನ್ನು ಕಳೆದುಕೊಂಡೆ, ಇಂದಿಗೂ ಸಂಕಟ.

ಇನ್ನು ನಮ್ಮ ನಂತರದ ಮಾತು. ಪಟ್ಟಿ ಬರೆಯಿರಿ, ಪ್ಲೇಟಿನ ನಂಬರ್ ಸಮೇತ. ಲೇಬಲ್ಲಿನ ಮೇಲೆ ‘ಗಾಂಧಾರಿ’ ಎಂದಿದ್ದರೆ ಅದು ಗಂಗೂಬಾಯಿ ಹಾನಗಲ್ ಅಂತ ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ಬರೆಯದಿದ್ದರೆ ಗುಜರಿಗೆ ಹೋಗುತ್ತದೆ. ಮನೆಯವರು ಹಾಡಿದ ಕ್ಯಾಸೆಟ್ಟುಗಳನ್ನು ಎಲ್ಲಕ್ಕಿಂತ ಮೊದಲು ಡಿಜಿಟಲ್ ಮಾಡಿಸಿ. ಅವುಗಳ ಇನ್ನೊಂದು ಪ್ರತಿ ಎಲ್ಲೂ ಇಲ್ಲ. ನಮ್ಮಲ್ಲಿ ಸಂಗೀತ ಕಲಿಯುತ್ತಿರುವವಳು ತಂಗಿಯ ಮಗಳು. ಪಟ್ಟಿಯ ಮೊದಲ ಹಾಳೆಯಲ್ಲಿ ಅವಳ ಹೆಸರು ಬರೆದಿಟ್ಟಿದ್ದೇನೆ, ಅವಳನ್ನು ಕೇಳಿಯೇ.