ಒತ್ತಡದ ಲೈನಿನಲ್ಲಿ ಗ್ಯಾಸ್ ಮೀಟರ್ ಲೆಕ್ಕ ಹಾಕುವುದು ಹೇಗೆ?

ಗ್ಯಾಸ್ ಮೀಟರ್ ತನ್ನೊಳಗೆ ಹಾದುಹೋದ ಗ್ಯಾಸ್ ಎಷ್ಟು ಜಾಗ ಹಿಡಿಯಿತು ಎಂದಷ್ಟೇ ಎಣಿಸುತ್ತದೆ. ಗೇಜ್ (ಒತ್ತಡ ತೋರಿಸುವ ಮುಳ್ಳಿನ ಮಾಪಕ) 2 ಬಾರ್ ತೋರಿಸುವ ಲೈನಿನಲ್ಲಿ ಅದೇ ಜಾಗಕ್ಕೆ ಸುಮಾರು ಮೂರು ಪಟ್ಟು ಗ್ಯಾಸ್ ತುಂಬಿರುತ್ತದೆ. ರೀಡಿಂಗನ್ನು ಹಾಗೇ ಬರೆದುಕೊಂಡು, ಬಾಯ್ಲರಿಗೆ ಗ್ಯಾಸ್ ಕಡಿಮೆ ಸಾಕಾಗುತ್ತಿದೆ ಎಂದುಕೊಂಡವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

1. ಮೀಟರಿನ ಮೇಲಿನ ಫಲಕ ಓದಿ. ಎಷ್ಟು ಒತ್ತಡ ತಡೆಯುತ್ತದೆ, ಗಂಟೆಗೆ ಎಷ್ಟು ಘನ ಮೀಟರ್ ಅಳೆಯುತ್ತದೆ ಎಂದು ಅದರಲ್ಲೇ ಇರುತ್ತದೆ. ಒಳಗೆ ತಿರುಗುವ ಭಾಗವಿರುವ ರೋಟರಿ, ಟರ್ಬೈನ್ ಮೀಟರ್ ಆದರೆ ವಾಲ್ವನ್ನು ನಿಧಾನವಾಗಿ ತೆರೆಯಿರಿ. ಒಮ್ಮೆಲೇ ತೆರೆದರೆ ಒಳಗಿನ ಭಾಗ ಮಿತಿಮೀರಿ ತಿರುಗಿ ಹಾಳಾಗುತ್ತದೆ.

2. ಒತ್ತಡವನ್ನು ಮೀಟರಿನ ಹತ್ತಿರವೇ ನೋಡಿ. ಟರ್ಬೈನ್ ಮೀಟರಿನ ಮೈಮೇಲೆ ಅದಕ್ಕೆಂದೇ ಗುರುತು ಮಾಡಿದ ತೂತು ಇರುತ್ತದೆ. 2 ಬಾರ್ ಲೈನಿಗೆ 16 ಬಾರ್‌ವರೆಗಿನ ಅಗ್ಗದ ಗೇಜ್ ಬೇಡವೇ ಬೇಡ. ಅದರ ತಪ್ಪು ಪೂರ್ತಿ ಅಳತೆಯ ಶೇ 2.5 ಇದ್ದರೆ, ಮುಳ್ಳು 0.4 ಬಾರ್ ಆಚೀಚೆ ಇರಬಹುದು. 4 ಬಾರ್‌ವರೆಗಿನ ಒಳ್ಳೆಯ ಗೇಜ್ ಹಾಕಿ.

3. ಹೆಚ್ಚಿನವರು ಎಡವುವುದು ಇಲ್ಲೇ. ಗೇಜ್ ತೋರಿಸುವ 2 ಬಾರ್ ಅಂದರೆ ಹೊರಗಿನ ಗಾಳಿಯ ಒತ್ತಡಕ್ಕಿಂತ 2 ಬಾರ್ ಜಾಸ್ತಿ ಎಂದರ್ಥ. ಹಾಗಾಗಿ ಸೊನ್ನೆ ತೋರಿಸಿದರೂ ಪೈಪಿನಲ್ಲಿ ಗ್ಯಾಸ್ ಇರುತ್ತದೆ, ಅಲ್ವಾ? ಅದಕ್ಕೇ ಮೊದಲು ಗಾಳಿಯ ಒತ್ತಡ ಕೂಡಿಸಬೇಕು, ಆಮೇಲೆ ಭಾಗಿಸಬೇಕು. ಸಮುದ್ರ ಮಟ್ಟದಲ್ಲಿ 2 + 1.013 = 3.013. ಇದನ್ನು ಗ್ಯಾಸ್ ಒಪ್ಪಂದದಲ್ಲಿರುವ ಮೂಲ ಒತ್ತಡ (ಯಾವ ಒತ್ತಡಕ್ಕೆ ಲೆಕ್ಕ ಹಾಕಬೇಕೋ ಅದು) 1.01325ರಿಂದ ಭಾಗಿಸಿದರೆ 2.974 ಸಿಗುತ್ತದೆ. ಮೀಟರಿನ ರೀಡಿಂಗನ್ನು ಇದರಿಂದ ಗುಣಿಸಬೇಕು. ಕೂಡಿಸುವುದನ್ನು ಮರೆತು ಸುಮ್ನೆ 2ರಿಂದ ಗುಣಿಸಿದರೆ ಮೂರನೇ ಒಂದು ಭಾಗ ಗ್ಯಾಸ್ ಲೆಕ್ಕದಿಂದಲೇ ಹೋಯಿತು.

ಮೀಟರ್ ಎತ್ತರದ ಜಾಗದಲ್ಲಿದ್ದರೆ 1.013 ಕೂಡಿಸುವುದೂ ತಪ್ಪು. 900 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು 0.91 ಬಾರ್ ಮಾತ್ರ. 2 ಬಾರ್ ಲೈನಿನಲ್ಲಿ ಇದರಿಂದ ಶೇ 3ಕ್ಕೂ ಜಾಸ್ತಿ ವ್ಯತ್ಯಾಸ ಬರುತ್ತದೆ. 0.1 ಬಾರ್ ಲೈನಿನಲ್ಲಿ ಅದೇ ತಪ್ಪು ಶೇ 10ರ ಹತ್ತಿರ ಹೋಗುತ್ತದೆ. ಕಡಿಮೆ ಒತ್ತಡದ ಲೈನಿನವರೇ ಇದನ್ನು ಜಾಸ್ತಿ ಗಮನಿಸಬೇಕು.

4. ಗ್ಯಾಸಿನ ಬಿಸಿಯನ್ನೂ ಲೆಕ್ಕಕ್ಕೆ ತನ್ನಿ. ಮೂಲ ತಾಪಮಾನ 15 ಡಿಗ್ರಿ, ಗ್ಯಾಸ್ 30 ಡಿಗ್ರಿ ಇದ್ದರೆ 288.15 ÷ 303.15 = 0.9505. ಡಿಗ್ರಿಗೆ 273.15 ಕೂಡಿಸದೆ 15 ÷ 30 ಮಾಡಿ ಲೆಕ್ಕವನ್ನು ಅರ್ಧಕ್ಕಿಳಿಸಿದವರೂ ಇದ್ದಾರೆ. ಈಗ 2.974 × 0.9505 = 2.827. ಮೀಟರ್ 1000 ಘನ ಮೀಟರ್ ತೋರಿಸಿದರೆ ನಿಜವಾದ ಲೆಕ್ಕ 2827.

5. ಒತ್ತಡ ಏರಿದಂತೆ ಗ್ಯಾಸ್ ಈ ಸರಳ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿಯೇ ಒತ್ತಿಕೊಳ್ಳುತ್ತದೆ. 10 ಬಾರ್ ಹೊತ್ತಿಗೆ ಇದು ಸುಮಾರು ಶೇ 2. 2 ಬಾರ್ ಲೈನಿನಲ್ಲಿ ಶೇ ಅರ್ಧದ ಆಸುಪಾಸು.

ರೆಗ್ಯುಲೇಟರ್ ಒತ್ತಡವನ್ನು ಗಟ್ಟಿಯಾಗಿ ಒಂದೇ ಕಡೆ ಹಿಡಿದರೆ ಒಂದೇ ಗುಣಕ ಸಾಕು. ಮುಳ್ಳು ದಿನವಿಡೀ ಆಡುತ್ತಿದ್ದರೆ ಈ ಲೆಕ್ಕವನ್ನು ತಾನೇ ಮಾಡುವ ಎಲೆಕ್ಟ್ರಾನಿಕ್ ಕರೆಕ್ಟರ್ ಹಾಕಿಸಿ. ಅದರ ಪರದೆಯಲ್ಲಿ ಮೀಟರಿನ ಅಂಕಿ, ತಿದ್ದಿದ ಅಂಕಿ ಎರಡೂ ಬರುತ್ತವೆ. ತಿದ್ದಿದ ಅಂಕಿಯನ್ನು ಮತ್ತೆ 2.827ರಿಂದ ಗುಣಿಸಬೇಡಿ.