ಎಲ್‌ಟಿಒ-5ರಿಂದ ಎಲ್‌ಟಿಒ-8ಕ್ಕೆ: ಬಾಕುಲಾ ಜಾಬ್‌ಗಳನ್ನು ನಾನು ಸಾಗಿಸಿದ ಬಗೆ

ಎಲ್‌ಟಿಒ ಎಂದರೆ ಬ್ಯಾಕಪ್ ಇಡುವ ಟೇಪಿನ ಒಂದು ಮಾದರಿ, ಪಕ್ಕದ ಅಂಕೆ ಅದರ ಪೀಳಿಗೆ. ಎಲ್‌ಟಿಒ-8 ಡ್ರೈವ್ ತನ್ನ ಪೀಳಿಗೆಯ ಟೇಪನ್ನು ಓದುತ್ತದೆ, ಅದರ ಹಿಂದಿನ ಎಲ್‌ಟಿಒ-7 ಟೇಪನ್ನೂ ಓದುತ್ತದೆ. ಅಲ್ಲಿಗೆ ಮುಗಿಯಿತು. ನಮ್ಮ ಕಚೇರಿಯ ಬೀರುವಿನಲ್ಲಿ ಇದ್ದದ್ದೆಲ್ಲ ಎಲ್‌ಟಿಒ-5. ಹೊಸ ಡ್ರೈವ್ ಬಂತು, ಹಳೆಯದನ್ನು ಗುಜರಿಗೆ ಹಾಕೋಣ ಎಂದು ಹೊರಟವರನ್ನು ತಡೆದು ನಿಲ್ಲಿಸಿದ್ದೇ ನನ್ನ ಮೊದಲ ಕೆಲಸ. ಎರಡೂ ಡ್ರೈವ್‌ಗಳನ್ನು ಒಂದೇ ಸರ್ವರಿಗೆ ಜೋಡಿಸಿಕೊಂಡೆ.

ನಾವು ಬಳಸುವುದು ಬಾಕುಲಾ ಎಂಬ ಬ್ಯಾಕಪ್ ತಂತ್ರಾಂಶ. ಅದು ಮಾಡುವ ಒಂದೊಂದು ಕೆಲಸವೂ ಒಂದು ಜಾಬ್. ಯಾವ ಯಂತ್ರದ ಬ್ಯಾಕಪ್ ಯಾವಾಗ ಆಯಿತು, ಯಾವ ಟೇಪಿನ ಎಲ್ಲಿ ಕುಳಿತಿದೆ ಎಂಬುದೆಲ್ಲ ಅದರ ಕ್ಯಾಟಲಾಗ್ ಡೇಟಾಬೇಸಿನಲ್ಲಿ ಇರುತ್ತದೆ. ಟೇಪಿನಿಂದ ಟೇಪಿಗೆ ನೇರವಾಗಿ ನಕಲು ಮಾಡಿದರೆ ಆ ಸುದ್ದಿ ಕ್ಯಾಟಲಾಗಿಗೆ ಮುಟ್ಟುವುದೇ ಇಲ್ಲ. ಹಾಗಾಗಿ, ಬ್ಯಾಕಪ್‌ಗಳನ್ನು ಸಾಗಿಸುತ್ತಲೇ ಕ್ಯಾಟಲಾಗನ್ನೂ ತಿದ್ದುವ, ಬಾಕುಲಾದ್ದೇ ಆದ ಮೈಗ್ರೇಶನ್ ಜಾಬ್ ಮೂಲಕ ಸಾಗಿಸುವುದೆಂದು ನಿರ್ಧರಿಸಿದೆ.

ಸಾಗಿಸುವ ಮೊದಲು ವಿಂಗಡಿಸಬೇಕಿತ್ತು. ಹೆಚ್ಚಿನ ಸಮಯ ತಿಂದದ್ದೂ ಅದೇ. ಬಾಕುಲಾದಲ್ಲಿ ಟೇಪುಗಳ ಗುಂಪಿಗೆ ಪೂಲ್ ಎನ್ನುತ್ತಾರೆ; ಹಿಂದಿನವರು ಎಲ್ಲವನ್ನೂ ಡೀಫಾಲ್ಟ್ ಪೂಲ್‌ಗೆ ಸುರಿದಿದ್ದರು. ಟೇಪಿನ ನಡುವಿನಿಂದ ಒಂದು ಜಾಬ್ ಅಳಿಸಿ ಜಾಗ ಪಡೆಯಲು ಬರುವುದಿಲ್ಲ; ಅದರಲ್ಲಿರುವ ಕೊನೆಯ ಜಾಬ್‌ನ ಅವಧಿ ತೀರುವವರೆಗೂ ಇಡೀ ಟೇಪು ಹಾಗೆಯೇ ಬಿದ್ದಿರುತ್ತದೆ. ಲೆಕ್ಕಪತ್ರಗಳನ್ನು ಕಂಪನಿಯೊಂದು ಕನಿಷ್ಠ 8 ಹಣಕಾಸು ವರ್ಷ ಇಟ್ಟುಕೊಳ್ಳಬೇಕು ಎನ್ನುತ್ತದೆ 2013ರ ಕಂಪನಿ ಕಾಯ್ದೆ. ನಮ್ಮಲ್ಲಿ ಅಂಥ ಲೆಕ್ಕಪತ್ರದ ಪಕ್ಕದಲ್ಲೇ, ಅದೇ ಟೇಪಿನಲ್ಲಿ, ಯಾರದೋ ಪರೀಕ್ಷಾ ಸರ್ವರಿನ ದಿನನಿತ್ಯದ ಬ್ಯಾಕಪ್ ಇತ್ತು. ಆದ್ದರಿಂದ ಇಲಾಖೆ, ಯಂತ್ರ ಎಂದೆಲ್ಲ ನೋಡದೆ, ಎಷ್ಟು ಕಾಲ ಉಳಿಯಬೇಕು ಎಂಬ ಒಂದೇ ಪ್ರಶ್ನೆಯ ಮೇಲೆ ಮೂರು ಪೂಲ್ ಮಾಡಿದೆ: ಮೂರು ತಿಂಗಳಿನದು, ಒಂದು ವರ್ಷದ್ದು, ಎಂಟು ವರ್ಷದ್ದು. ಅವಧಿ ತೀರಿದವನ್ನು ಸಾಗಿಸುವ ಗೋಜಿಗೇ ಹೋಗಲಿಲ್ಲ. ಬೇಡದ್ದನ್ನೂ ಹೊಸ ಟೇಪಿಗೆ ಹೊತ್ತುಕೊಂಡು ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಜಾಬ್‌ಗಳ ಹೆಸರುಗಳೂ ಅಧ್ವಾನವಾಗಿದ್ದವು. ಆದರೆ ಹೆಸರು ಬದಲಿಸಿದರೆ ಬಾಕುಲಾದ ಕಣ್ಣಿಗೆ ಅದು ಹೊಸ ಜಾಬ್. ಹಿಂದಿನ ಪೂರ್ಣ ಬ್ಯಾಕಪ್ ಕಾಣಲಿಲ್ಲವೆಂದು ಇನ್‌ಕ್ರಿಮೆಂಟಲ್ (ಬದಲಾದದ್ದನ್ನು ಮಾತ್ರ ಉಳಿಸುವ) ಬ್ಯಾಕಪ್ಪನ್ನು ತಾನೇ ಪೂರ್ಣ ಬ್ಯಾಕಪ್‌ಗೆ ಏರಿಸಿಬಿಡುತ್ತದೆ. ಎಲ್ಲವನ್ನೂ ಒಂದೇ ರಾತ್ರಿ ಬದಲಿಸಿದರೆ ಬೆಳಿಗ್ಗೆ ನೆಟ್‌ವರ್ಕ್ ತೆವಳುತ್ತಿರುತ್ತದೆ. ವಾರಾಂತ್ಯಕ್ಕೆ ಕೆಲವು ಎಂಬಂತೆ ಬದಲಿಸಿದೆ. ಕ್ಯಾಟಲಾಗಿನಲ್ಲಿದ್ದ ಹಳೆಯ ಹೆಸರುಗಳನ್ನು ಮುಟ್ಟಲಿಲ್ಲ.

ಪ್ರತಿ ಪೂಲ್‌ಗೂ ಒಂದೊಂದು ಮೈಗ್ರೇಶನ್ ಜಾಬ್ ಬರೆದೆ. ಯಾವ ಜಾಬ್‌ಗಳು ಸಾಗಬೇಕೆಂದು ಆರಿಸುವ ಸೆಲೆಕ್ಷನ್ ಟೈಪ್‌ನಲ್ಲಿ ಹಲವು ಬಗೆಗಳಿವೆ: ಹಳೆಯ ಟೇಪು, ಚಿಕ್ಕ ಟೇಪು, ಕ್ಲೈಂಟ್ (ಬ್ಯಾಕಪ್ ಆಗುವ ಯಂತ್ರ), ಜಾಬ್ ಹೆಸರು. ಹೆಸರುಗಳೇ ಅಡ್ಡಾದಿಡ್ಡಿ ಇದ್ದುದರಿಂದ ನನಗೆ ಒದಗಿದ್ದು ಎಸ್‌ಕ್ಯುಎಲ್ ಕ್ವೆರಿ. ಬೇಕಾದ ಜಾಬ್ ಸಂಖ್ಯೆಗಳನ್ನು ಕ್ಯಾಟಲಾಗಿನಿಂದಲೇ ಹೆಕ್ಕಿ ಕೊಟ್ಟೆ. ಅವು ಹೋಗಬೇಕಾದ ಕಡೆಯನ್ನು ನೆಕ್ಸ್ಟ್ ಪೂಲ್ ಹೇಳುತ್ತದೆ. ಸಾಮಾನ್ಯವಾಗಿ ಇದನ್ನು ಮೂಲ ಪೂಲ್‌ನಲ್ಲಿ ಬರೆಯುತ್ತಾರೆ. ಒಂದೇ ಪೂಲ್‌ನಿಂದ ಮೂರು ದಿಕ್ಕಿಗೆ ಕಳಿಸಬೇಕಾದ್ದರಿಂದ ನಾನು ಜಾಬ್‌ನಲ್ಲೇ ಬರೆದೆ. ಕ್ಲೈಂಟ್, ಫೈಲ್‌ಸೆಟ್ (ಬ್ಯಾಕಪ್ ಆಗಬೇಕಾದ ಫೈಲುಗಳ ಪಟ್ಟಿ) ಸಾಲುಗಳನ್ನು ಮೈಗ್ರೇಶನ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆದರೂ ಬರೆಯದಿದ್ದರೆ ಜಾಬ್‌ಗಳನ್ನು ನಡೆಸುವ ಬಾಕುಲಾದ ಡೈರೆಕ್ಟರ್ ತಕರಾರು ತೆಗೆಯುತ್ತದೆ. ಎರಡು ಡ್ರೈವ್‌ಗಳಿಗೂ ಬೇರೆ ಬೇರೆ ಮೀಡಿಯಾ ಟೈಪ್ (ಟೇಪಿನ ಬಗೆಯ ಹೆಸರು) ಕೊಡುವುದು ಮಾತ್ರ ಕಡ್ಡಾಯ ಎಂದೇ ತಿಳಿಯಿರಿ. ಇಲ್ಲದಿದ್ದರೆ ಓದುವುದಕ್ಕೂ ಬರೆಯುವುದಕ್ಕೂ ಒಂದೇ ಡ್ರೈವ್ ಹಿಡಿಯಲು ಹೋಗಿ, ಎಂದೂ ಸಿಗದ ಡ್ರೈವಿಗಾಗಿ ಕಾಯುತ್ತಾ ಕುಳಿತುಬಿಡುತ್ತದೆ.

ಓಡಿಸುವ ಮೊದಲು ಕ್ಯಾಟಲಾಗಿನ ಡಂಪ್ (ಪೂರ್ತಿ ನಕಲು) ತೆಗೆದಿಟ್ಟೆ. ಹಳೆಯ ಕಾರ್ಟ್ರಿಜ್‌ಗಳ ಅಂಚಿನಲ್ಲಿರುವ ಪುಟ್ಟ ಗುಂಡಿಯನ್ನು ಬೀಗದ ಚಿಹ್ನೆಯ ಕಡೆಗೆ ಸರಿಸಿದೆ. ಕನ್ಸೋಲಿನಲ್ಲೂ ಅವುಗಳ ಸ್ಥಿತಿಯನ್ನು ರೀಡ್-ಓನ್ಲಿ ಮಾಡಿದೆ. ವೇಗದ ವಿಷಯದಲ್ಲಿ ಹೊಸ ಡ್ರೈವಿನ ಮಾತು ನಡೆಯಲಿಲ್ಲ: ಎಲ್‌ಟಿಒ-5 ಸೆಕೆಂಡಿಗೆ ಹೆಚ್ಚೆಂದರೆ 140 ಎಂಬಿ ಕೊಡುತ್ತದೆ, ಎಂದರೆ 1.5 ಟಿಬಿಯ ತುಂಬಿದ ಟೇಪಿಗೆ ಮೂರು ಗಂಟೆ. 12 ಟಿಬಿಯ ಹೊಸ ಟೇಪು ಅಂಥ ಎಂಟನ್ನು ನುಂಗುತ್ತದೆ.

ಸಾಗಿದ ಜಾಬ್ ಕ್ಯಾಟಲಾಗಿನಲ್ಲಿ ಹೊಸ ಸಂಖ್ಯೆ ಪಡೆಯುತ್ತದೆ, ಆರಂಭದ ದಿನಾಂಕ ಮಾತ್ರ ಹಳೆಯದೇ. ಹಳೆಯ ದಾಖಲೆಯ ಬಗೆ 'ಬಿ' (ಬ್ಯಾಕಪ್) ಇದ್ದದ್ದು 'ಎಂ' (ಸಾಗಿಸಿದ್ದು) ಆಗುತ್ತದೆ. ಅದನ್ನು ತಾನಾಗಿ ಅಳಿಸುವ ಸೌಲಭ್ಯವೂ ಇದೆ. ನಾನು ಅದನ್ನು ಬಳಸಲಿಲ್ಲ. ಪ್ರತಿ ಪೂಲ್‌ನಿಂದ ಕೆಲವು ಫೋಲ್ಡರ್‌ಗಳನ್ನು ಹೊಸ ಟೇಪಿನಿಂದಲೇ ಮರಳಿ ಪಡೆದೆ. ಲೆಕ್ಕಪತ್ರದ ಫೈಲುಗಳನ್ನು ಅವುಗಳ ಯಜಮಾನರ ಕೈಯಲ್ಲೇ ತೆರೆಯಿಸಿ ನೋಡಿಸಿದೆ. ಲಾಗ್ ಹಸಿರಾಗಿದೆ ಎಂಬುದನ್ನು ನಾನು ಸಾಕ್ಷಿಯೆಂದು ಒಪ್ಪುವುದಿಲ್ಲ.

ಬಹಳ ಮಂದಿ ಮರೆಯುವುದು ಬೂಟ್‌ಸ್ಟ್ರಾಪ್ ಫೈಲುಗಳನ್ನು. ಕ್ಯಾಟಲಾಗೇ ಹಾಳಾದ ದಿನ ಯಾವ ಟೇಪಿನಿಂದ ಏನು ಓದಬೇಕೆಂದು ಹೇಳುವವು ಅವೇ, ಮತ್ತು ಅವುಗಳಲ್ಲಿ ಇರುವುದು ಹಳೆಯ ಟೇಪುಗಳ ಹೆಸರು. ಅವನ್ನು ಬೇರೆ ಫೋಲ್ಡರಿಗೆ ಸರಿಸಿ, ಹೊಸ ಪೂಲ್‌ಗಳ ಮೊದಲ ಪೂರ್ಣ ಬ್ಯಾಕಪ್ ಮುಗಿದು ಹೊಸ ಬೂಟ್‌ಸ್ಟ್ರಾಪ್‌ಗಳು ಬರುವವರೆಗೂ ಎಲ್‌ಟಿಒ-5 ಡ್ರೈವಿನ ತಂತಿ ಬಿಚ್ಚಲು ಬಿಡಲಿಲ್ಲ.